ನೀರಿಗಿಳಿದ ಮೇಲೆ ಕೆಂಪು ಕೆಂಪಾಗಿ ಉಳಿಯುವುದಿಲ್ಲ: ಟ್ರೌಟ್ ಲೂರ್‌ಗೆ ಬಣ್ಣ ಆರಿಸುವುದು

ಒಂದು ಬೆಳಗ್ಗೆ ಟ್ರೌಟ್ ಮೀನು ಹಿಡಿಯಲು ಸರೋವರದ ದಂಡೆಯಲ್ಲಿ ನಿಂತು, ಗಾಳಕ್ಕೆ ಕಟ್ಟುವ ಲೂರ್ ಎಂಬ ಹುಸಿ ಬೇಟೆಯಲ್ಲಿ ಸಾಲಾಗಿ ಏಳು ಬಣ್ಣ ಬದಲಾಯಿಸಿದೆ. ಬೆಳ್ಳಿ ಆಯ್ತು, ಚಿನ್ನ ಆಯ್ತು, ಕೆಂಪು-ಬಿಳಿ ಪಟ್ಟೆ ಆಯ್ತು, ಕಣ್ಣು ಕುಕ್ಕುವ ಕಿತ್ತಳೆಯೂ ಆಯ್ತು. ಒಂದನ್ನೂ ಟ್ರೌಟ್ ಮೂಸಿ ನೋಡಲಿಲ್ಲ. ಇಪ್ಪತ್ತು ಹೆಜ್ಜೆ ಆಚೆ ನಿಂತಿದ್ದ ಗೆಳೆಯ ಅಷ್ಟರಲ್ಲಿ ಮೂರು ಮೀನು ಹಿಡಿದಿದ್ದ. ನಾಚಿಕೆ ಬಿಟ್ಟು ಹೋಗಿ ಕೇಳಿದೆ, “ಯಾವ ಬಣ್ಣ ಹಾಕಿದ್ದೀಯೋ?” ಅವನು ದಾರ ಎತ್ತಿ ತೋರಿಸಿದ. ನಾನು ಅರ್ಧ ಗಂಟೆ ಎಸೆದೂ ಎಸೆದೂ ಬೇಸತ್ತು ಡಬ್ಬಿಗೆ ಹಾಕಿದ್ದ ಅದೇ ಬೆಳ್ಳಿ ಸ್ಪೂನ್, ಚಮಚದಾಕಾರದ ಲೂರ್. ವ್ಯತ್ಯಾಸ ಇಷ್ಟೇ. ಸ್ಪೂನ್ ನೀರಿಗೆ ಬಿದ್ದ ಮೇಲೆ ಅವನು ಎಂಟರವರೆಗೆ ಎಣಿಸುತ್ತಿದ್ದ, ಅದು ತಳದ ಹತ್ತಿರ ಇಳಿಯಲಿ ಅಂತ. ನಾನು ಬಿದ್ದ ಕೂಡಲೇ ರೀಲ್ ಸುತ್ತಲು ಶುರು ಮಾಡುತ್ತಿದ್ದೆ.

ಹಾಗಾದರೆ ಬಣ್ಣ ಲೆಕ್ಕಕ್ಕೇ ಇಲ್ಲವಾ? ಇದೆ. ಆದರೆ ಅದರ ಸರದಿ ಕೊನೆಗೆ. ಮೊದಲು ಮೀನು ಇರುವ ಆಳ, ಆಮೇಲೆ ಲೂರ್ ಓಡುವ ವೇಗ, ಆಮೇಲೆ ಗಾತ್ರ, ಇವೆಲ್ಲ ಸರಿಹೋದ ಮೇಲೆ ಬಣ್ಣ. ಆ ಸರದಿ ಬಂದಾಗಲೂ “ಯಾವ ಬಣ್ಣ ಒಳ್ಳೇದು?” ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. “ಈ ನೀರಿನಲ್ಲಿ, ಈ ಬೆಳಕಿನಲ್ಲಿ, ಇಷ್ಟು ಆಳದಲ್ಲಿ ಈ ಬಣ್ಣ ಏನಾಗಿ ಕಾಣುತ್ತದೆ?” ಎಂದು ಕೇಳಬೇಕು. ಏಕೆಂದರೆ ನಮ್ಮ ಕೈಯಲ್ಲಿ ಕಾಣುವ ಬಣ್ಣ ಬೇರೆ, ಟ್ರೌಟ್‌ನ ಕಣ್ಣಿಗೆ ತಲುಪುವ ಬಣ್ಣ ಬೇರೆ.

ಲೂರ್ ಗೊತ್ತಿಲ್ಲದವರಿಗೆ ಒಂದು ಮಾತು. ಎರೆಹುಳು ಚುಚ್ಚುವ ಬದಲು ಲೋಹದ್ದೋ ಮರದ್ದೋ ಪ್ಲಾಸ್ಟಿಕ್ಕಿನದೋ ಒಂದು ಹುಸಿ ಬೇಟೆಯನ್ನು ಗಾಳದ ಜೊತೆ ಕಟ್ಟಿ ಎಳೆಯುತ್ತೇವಲ್ಲ, ಅದೇ ಲೂರ್. ಟ್ರೌಟ್‌ಗೆ ಮುಖ್ಯವಾಗಿ ಮೂರು ಬಗೆ. ಚಮಚದ ತಲೆಯಂತೆ ಬಾಗಿದ, ಓಲಾಡುತ್ತ ಬರುವ ತಗಡು ಸ್ಪೂನ್. ತಂತಿಯ ಸುತ್ತ ತಗಡಿನ ಎಲೆ ಗಿರಗಿರ ತಿರುಗುವುದು ಸ್ಪಿನ್ನರ್. ಮರಿಮೀನಿನ ಆಕಾರದಲ್ಲೇ ಮಾಡಿದ್ದು ಮಿನ್ನೋ. ಸ್ಪೂನ್‌ಗೆ ಆ ಹೆಸರು ಸುಮ್ನೆ ಬಂದಿಲ್ಲ. ಅಮೆರಿಕದ ಜೂಲಿಯೊ ಬ್ಯುಯೆಲ್ ಎಂಬಾತನ ಕೈಯಿಂದ ಚಮಚವೊಂದು ಸರೋವರಕ್ಕೆ ಬಿತ್ತಂತೆ. ಅದು ಮಿನುಗುತ್ತ ಮುಳುಗುವಾಗ ಮೀನೊಂದು ಬಂದು ಹೊಡೆಯಿತಂತೆ. ಕಥೆ ಎಷ್ಟು ನಿಜವೋ, 1852ರಲ್ಲಿ ಅವನು ಇಂಥ ಲೂರ್‌ಗೆ ಪೇಟೆಂಟ್ ಪಡೆದದ್ದಂತೂ ನಿಜ. ಕಥೆಯ ಆ ಚಮಚಕ್ಕೆ ಯಾರೂ ಬಣ್ಣ ಬಳಿದಿರಲಿಲ್ಲ. ಇದ್ದದ್ದು ಹೊಳಪು, ಓಲಾಟ ಎರಡೇ.

ನೀರು ಬಣ್ಣ ಕುಡಿಯುತ್ತದೆ

ಬಿಸಿಲಿನಲ್ಲಿ ಎಲ್ಲ ಬಣ್ಣದ ಬೆಳಕೂ ಬೆರೆತಿರುತ್ತದೆ. ಕೆಂಪು ಸ್ಪೂನ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪನ್ನು ಮಾತ್ರ ವಾಪಸ್ ಕಳಿಸುತ್ತದೆ, ಉಳಿದದ್ದನ್ನು ನುಂಗುತ್ತದೆ. ಅದಕ್ಕೇ ಅದು ಕೆಂಪು. ಬಿದ್ದ ಬೆಳಕಿನಲ್ಲಿ ಕೆಂಪೇ ಇಲ್ಲದಿದ್ದರೆ? ವಾಪಸ್ ಕಳಿಸಲು ಏನೂ ಇರುವುದಿಲ್ಲ. ಆಗ ಅದು ಕಪ್ಪು.

ನೀರಿನ ಕೆಲಸ ಇದೇ. ಅದು ಎಲ್ಲ ಬಣ್ಣವನ್ನೂ ಒಂದೇ ಸಮ ಕುಡಿಯುವುದಿಲ್ಲ, ಮೊದಲು ಕೆಂಪಿಗೆ ಕೈ ಹಾಕುತ್ತದೆ. ಒಂದು ಚೂರೂ ಕೊಳೆಯಿಲ್ಲದ ಶುದ್ಧ ನೀರಿನಲ್ಲೇ 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು 5 ಮೀಟರ್ ದಾಟುವಷ್ಟರಲ್ಲಿ ಐದರಲ್ಲಿ ನಾಲ್ಕು ಪಾಲು ಮಾಯವಾಗುತ್ತದೆ. ಅಷ್ಟೇ ದೂರಕ್ಕೆ ಕಿತ್ತಳೆ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಹಸಿರು ಮುಕ್ಕಾಲು ಪಾಲು ಉಳಿಯುತ್ತದೆ. ನೀಲಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆಳವಾದ ತಿಳಿನೀರಿನ ಸರೋವರ ನೀಲಿಯಾಗಿ ಕಾಣುವುದೂ ಇದರಿಂದಲೇ.

ಇಲ್ಲಿ ಬಹಳ ಜನ ಮರೆಯುವ ಒಂದು ಲೆಕ್ಕ ಇದೆ. ನಾವು ಆಳವನ್ನು ಮಾತ್ರ ಎಣಿಸುತ್ತೇವೆ. ಆದರೆ ಬೆಳಕು ಮೇಲಿನಿಂದ ಲೂರ್‌ವರೆಗೆ ಇಳಿದ ಮೇಲೆ, ಅಲ್ಲಿಂದ ಮೀನಿನ ಕಣ್ಣಿನವರೆಗೆ ಅಡ್ಡವಾಗಿಯೂ ಸಾಗಬೇಕು. ಲೂರ್ 2 ಮೀಟರ್ ಆಳದಲ್ಲಿದೆ, ಟ್ರೌಟ್ ಅದಕ್ಕೆ 3 ಮೀಟರ್ ದೂರದಲ್ಲಿದೆ ಎಂದರೆ ಬೆಳಕು ನೀರಿನಲ್ಲಿ ಸಾಗಿದ ದಾರಿ 5 ಮೀಟರ್. ಹಾಗಾಗಿ ಮೊಣಕಾಲಿನಷ್ಟು ನೀರಿನಲ್ಲೂ ದೂರದ ಮೀನಿಗೆ ಕೆಂಪು ಮಂಕಾಗಿ ಕಾಣಬಹುದು. ಮೀನು ಹತ್ತಿರ ಬಂದಂತೆ ಬಣ್ಣ ಬಿಚ್ಚಿಕೊಳ್ಳುತ್ತದೆ. ದೂರದಿಂದ ಮೀನನ್ನು ಕರೆಯುವುದು ಹೊಳಪು, ಅಲುಗಾಟ ಮತ್ತು ಕಪ್ಪು-ಬಿಳುಪಿನ ಎದ್ದುಕಾಣುವಿಕೆ. ಬಣ್ಣ ಮಾತಾಡುವುದು ಕೊನೆಯ ಒಂದೆರಡು ಮಾರು ದೂರದಲ್ಲಿ.

ನಂಬಿಕೆ ಬರದಿದ್ದರೆ ನಿಂತ ದೋಣಿಯ ಅಂಚಿನಿಂದ ಕೆಂಪು-ಬಿಳಿ ಸ್ಪೂನ್ ಒಂದನ್ನು ನಿಧಾನ ಇಳಿಸಿ ನೋಡಿ. ನೀರು ತಿಳಿಯಾಗಿರಬೇಕು, ಬಿಸಿಲಿರಬೇಕು. ಮೊದಲ ಮೊಳದಲ್ಲಿ ಎಲ್ಲ ಕೈಯಲ್ಲಿದ್ದ ಹಾಗೇ. ಇನ್ನೂ ಇಳಿಸಿ. ಕೆಂಪು ಒಣಗಿದ ರಕ್ತದ ಹಾಗೆ ಆಗುತ್ತದೆ, ಆಮೇಲೆ ಕಂದು, ಆಮೇಲೆ ಏನೋ ಒಂದು ಕರಿ ಛಾಯೆ. ಬಿಳಿ ಭಾಗ ಮಾತ್ರ ಬಿಡುವುದಿಲ್ಲ, ನೀರಿನದೇ ಹಸಿರನ್ನೋ ನೀಲಿಯನ್ನೋ ಹೊದ್ದುಕೊಂಡು ಮಿನುಗುತ್ತಲೇ ಇರುತ್ತದೆ. ಕೊನೆಗೆ ಕಾಣುವುದು ಒಂದು ಕಪ್ಪು ಪಟ್ಟೆ, ಒಂದು ಬೆಳ್ಳಗಿನ ಪಟ್ಟೆ, ಎರಡೂ ಸರದಿಯಲ್ಲಿ ಮಗುಚುತ್ತಿರುವುದು. ಲೂ ಎಪ್ಪಿಂಜರ್ ಎಂಬಾತ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮಾಡಿದ ಡಾರ್ಡೆವಲ್ ಎಂಬ ಕೆಂಪು-ಬಿಳಿ ಸ್ಪೂನ್ ನೂರು ವರ್ಷದಿಂದ ಮೀನು ಹಿಡಿಯುತ್ತಿದೆ. ಅದರ ಕೆಂಪಿನಲ್ಲಿ ಏನೋ ಮಾಯೆ ಇದೆ ಎನ್ನುವವರು ಬಹಳ. ನನಗೆ ಕಾಣುವುದು ಬೇರೆ: ಆಳದಲ್ಲಿ ಅದು ಕೆಂಪು-ಬಿಳಿ ಸ್ಪೂನೇ ಅಲ್ಲ, ಕಪ್ಪು-ಬಿಳಿ ಸ್ಪೂನ್.

ಟ್ರೌಟ್‌ನ ಕಣ್ಣು

ಟ್ರೌಟ್‌ಗೆ ಬಣ್ಣ ಕಾಣುತ್ತದೆ, ಚೆನ್ನಾಗಿಯೇ ಕಾಣುತ್ತದೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಮೂರು ಬಗೆ. ಮರಿ ರೇನ್‌ಬೋ ಟ್ರೌಟ್‌ನಲ್ಲಿ ನಾಲ್ಕು. ಕೆಂಪು, ಹಸಿರು, ನೀಲಿಯ ಜೊತೆಗೆ ನಮಗೆ ಕಾಣದ ಅತಿನೇರಳೆ ಬೆಳಕಿಗೂ ಒಂದು. ನೀರಿನ ಮೇಲ್ಪದರದಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುವ ವಯಸ್ಸಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಮೀನು ಬೆಳೆದಂತೆ ಆ ಕೋಶಗಳಲ್ಲಿ ಹೆಚ್ಚಿನವು ನೀಲಿ ಬೆಳಕಿಗೆ ಹೊಂದಿಕೊಳ್ಳುತ್ತವೆ.

ಇದನ್ನು ಹೇಳುವುದಕ್ಕೆ ಕಾರಣ ಇದೆ. ‘ಯುವಿ’ ಎಂದು ದೊಡ್ಡದಾಗಿ ಬರೆದ ಲೂರ್‌ಗಳು ಈಗ ತುಂಬಾ ಸಿಗುತ್ತವೆ. ನಾವು ಹಿಡಿಯಲು ಹೊರಟ ದೊಡ್ಡ ಟ್ರೌಟ್‌ಗೆ ಅತಿನೇರಳೆ ಅಷ್ಟಾಗಿ ಕಾಣುವುದೇ ಅನುಮಾನ. ಅದಕ್ಕಿಂತ ತಮಾಷೆಯ ವಿಷಯ ಇನ್ನೊಂದು. ಯುವಿ ಟಾರ್ಚ್ ಬಿಟ್ಟಾಗ ಲೂರ್ ಪಳಪಳ ಹೊಳೆಯಿತು ಎಂದರೆ ಅದು ಅತಿನೇರಳೆಯನ್ನು ಮೀನಿನತ್ತ ಕಳಿಸುತ್ತಿದೆ ಎಂದಲ್ಲ. ಅತಿನೇರಳೆಯನ್ನು ನುಂಗಿ, ನಮಗೂ ಕಾಣುವ ಬೇರೆ ಬಣ್ಣವಾಗಿ ಬಿಡುತ್ತಿದೆ ಎಂದು. ಅದು ಫ್ಲೋರೊಸೆಂಟ್ ಬಣ್ಣ, ಅಷ್ಟೇ. ಹಾಗಂತ ಅದು ಕೆಟ್ಟದ್ದಲ್ಲ. ಕೆಲವೊಮ್ಮೆ ಅದೇ ಬೇಕು, ಮುಂದೆ ಹೇಳುತ್ತೇನೆ.

ಕಣ್ಣಿನಲ್ಲಿ ಇನ್ನೊಂದು ಬಗೆಯ ಕೋಶ ಇದೆ, ದಂಡ ಕೋಶ. ಮಂದ ಬೆಳಕಿಗೆ ಅದು. ಅದಕ್ಕೆ ಬಣ್ಣ ಗೊತ್ತಾಗುವುದಿಲ್ಲ, ಬೆಳಕು-ಕತ್ತಲೆ ಮಾತ್ರ. ಮೀನಿನ ಕಣ್ಣಿಗೆ ರೆಪ್ಪೆ ಇಲ್ಲ, ನಮ್ಮ ಹಾಗೆ ಪಾಪೆಯನ್ನು ಕಿರಿದು ಮಾಡಿಕೊಳ್ಳಲೂ ಬರುವುದಿಲ್ಲ. ಅದಕ್ಕೆ ಬದಲಾಗಿ ಕಣ್ಣಿನ ಒಳಪರದೆಯಲ್ಲಿ ಈ ಕೋಶಗಳೇ ಜಾಗ ಬದಲಿಸುತ್ತವೆ. ಹಗಲಲ್ಲಿ ಶಂಕು ಕೋಶ ಮುಂದೆ, ಕತ್ತಲಾದಂತೆ ದಂಡ ಕೋಶ ಮುಂದೆ. ಇದು ಥಟ್ಟನೆ ಆಗುವ ಕೆಲಸವಲ್ಲ, ಹೊತ್ತು ಹಿಡಿಯುತ್ತದೆ. ಮುಸ್ಸಂಜೆ ಬಲಿತು ಕತ್ತಲಾದ ಮೇಲೆ ಕಿತ್ತಳೆಯೋ ಹಳದಿಯೋ ಎಂದು ತಲೆ ಕೆಡಿಸಿಕೊಳ್ಳುವುದು ದಂಡ. ಆಗ ಟ್ರೌಟ್‌ಗೆ ಕಾಣುವುದು ಆಕಾರ.

ಆಕಾರ ಅಂದೆ. ಅದು ಕಾಣುವುದು ಯಾವ ಹಿನ್ನೆಲೆಯಲ್ಲಿ? ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ಆಕಾಶ ಒಂದು ದುಂಡು ಕಿಟಕಿಯಾಗಿ ಕಾಣುತ್ತದೆ. ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ ಸುಮಾರು 97 ಡಿಗ್ರಿಯ ಒಂದು ಶಂಕುವಿನೊಳಗೆ ಇಡೀ ಹೊರಜಗತ್ತು ಮುದುಡಿ ಕೂರುತ್ತದೆ. 1 ಮೀಟರ್ ಆಳದಲ್ಲಿರುವ ಟ್ರೌಟ್‌ಗೆ ಈ ಕಿಟಕಿ ಸುಮಾರು 2.3 ಮೀಟರ್ ಅಗಲ. ಅದರಾಚೆ ನೀರಿನ ಮೇಲ್ಮೈ ಕನ್ನಡಿಯಾಗಿ ತಳವನ್ನೇ ತೋರಿಸುತ್ತದೆ. ಲೂರ್ ಆ ಕಿಟಕಿಯೊಳಗೆ ಬಂದರೆ ಹಿಂದೆ ಬೆಳ್ಳನೆಯ ಆಕಾಶ, ಮುಂದೆ ಲೂರ್‌ನ ಕರಿ ನೆರಳು. ಅದರ ಹೊಟ್ಟೆಗೆ ಎಂಥ ಬಣ್ಣ ಬಳಿದಿದ್ದರೂ ಅರ್ಧ ವ್ಯರ್ಥ.

ರಾತ್ರಿ ಕಪ್ಪು ಲೂರ್ ಹಾಕುವ ಪದ್ಧತಿಯ ಹಿಂದಿರುವುದು ಇದೇ. ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ. ಕತ್ತಲಲ್ಲಿ ಕಪ್ಪು ಹಾಕಿದರೆ ಏನು ಕಂಡೀತು? ಆದರೆ ಎಷ್ಟೇ ಕತ್ತಲಿದ್ದರೂ ನೀರಿನೊಳಗಿಗಿಂತ ಆಕಾಶ ಸ್ವಲ್ಪ ಬೆಳಕೇ. ಅದರೆದುರು ಕಪ್ಪಿನಷ್ಟು ಗಟ್ಟಿಯಾದ ನೆರಳು ಬೇರೆ ಯಾವ ಬಣ್ಣವೂ ಕೊಡುವುದಿಲ್ಲ. ದೊಡ್ಡ ಬ್ರೌನ್ ಟ್ರೌಟ್‌ಗಳು ರಾತ್ರಿ ಹೊತ್ತು ದಂಡೆಯ ಹತ್ತಿರ ಬೇಟೆಗೆ ಬರುತ್ತವೆ. ಅವಕ್ಕೆ ಮೇಲ್ಪದರದಲ್ಲಿ ನಿಧಾನ ಎಳೆದ ಕಪ್ಪು ಮಿನ್ನೋ ಸಾಕು.

ಯಾವ ನೀರು?

ಎಲ್ಲ ನೀರೂ ನೀಲಿಯಲ್ಲ ಅಲ್ವಾ? ಇಲ್ಲಿಯವರೆಗೆ ಹೇಳಿದ್ದು ತಿಳಿನೀರಿನ ಮಾತು. ನೀರಿನಲ್ಲಿ ಏನಾದರೂ ಕರಗಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ.

ಕಾಡಿನ ಜೌಗಿನಿಂದ ಬರುವ ಹೊಳೆ ನೋಡಿ. ಎಲೆ, ತೊಗಟೆ, ಬೇರು ಕೊಳೆತು ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ಬಂದಿರುತ್ತದೆ. ಈ ನೀರು ಮೊದಲು ಕುಡಿಯುವುದು ಅತಿನೇರಳೆ ಮತ್ತು ನೀಲಿಯನ್ನು. ಉಳಿಯುವುದು ಹಳದಿ, ಕಿತ್ತಳೆ, ಕೆಂಪಿನ ಕಡೆಯ ಬೆಳಕು. ನೀಲಿ ಲೂರ್ ಇಲ್ಲಿ ಮಸಿಯ ಮುದ್ದೆ. ಬೆಳ್ಳಿಯೂ ಮಂಕು, ಏಕೆಂದರೆ ಬೆಳ್ಳಿ ಕನ್ನಡಿಯಿದ್ದ ಹಾಗೆ, ಸುತ್ತ ಇರುವ ಬೆಳಕನ್ನು ಹೇಗಿದೆಯೋ ಹಾಗೇ ತೋರಿಸಿ ಅದರಲ್ಲೇ ಬೆರೆತುಹೋಗುತ್ತದೆ. ಇಲ್ಲಿ ಚಿನ್ನದ ಬಣ್ಣವೂ ತಾಮ್ರವೂ ಜೀವ ಪಡೆಯುತ್ತವೆ. ಚಹಾ ಬಣ್ಣದ ಮಡುವಿನಲ್ಲಿ ತಾಮ್ರದ ಸ್ಪಿನ್ನರ್ ತಿರುಗುವುದನ್ನು ಒಮ್ಮೆ ನೋಡಿದರೆ ಸಾಕು, ಬೂದಿಯೊಳಗಿನ ಕೆಂಡದ ಹಾಗೆ ಇರುತ್ತದೆ. ನನ್ನ ಪ್ರಕಾರ ಲೂರ್ ಬಣ್ಣದ ವಿಷಯದಲ್ಲಿ ಕಣ್ಣು ಮುಚ್ಚಿ ನಂಬಬಹುದಾದ ಮಾತು ಇದೊಂದೇ: ತಿಳಿನೀರಿಗೆ ಬೆಳ್ಳಿ, ಚಹಾ ನೀರಿಗೆ ಚಿನ್ನ-ತಾಮ್ರ.

ಪಾಚಿ ಬೆಳೆದ ಹಸಿರು ನೀರು ಮೂರನೆಯ ಬಗೆ. ಪಾಚಿಯ ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ನುಂಗಿ ಹಸಿರು-ಹಳದಿಯನ್ನು ಬಿಡುತ್ತದೆ. ಹಾಗಾಗಿ ಗಿಳಿಹಸಿರು, ನಿಂಬೆಹಳದಿ ದೂರದವರೆಗೆ ಕಾಣುತ್ತವೆ. ಆದರೆ ಹಸಿರು ನೀರಿನಲ್ಲಿ ಹಸಿರು ಲೂರ್ ಕಣ್ಣಿಗೆ ಬೀಳಬೇಕಾದರೆ ಅದರ ಮೇಲೆ ಕಪ್ಪು ಚುಕ್ಕಿಯೋ ಪಟ್ಟೆಯೋ ಇರಬೇಕು. ಫೈರ್‌ಟೈಗರ್ ಎಂಬ ಹೆಸರಾಂತ ಬಣ್ಣಗಾರಿಕೆ ಹೀಗೇ ಇದೆ: ನಿಂಬೆಹಸಿರು ಮೈ, ಕಿತ್ತಳೆ ಹೊಟ್ಟೆ, ಮೇಲೆ ಕಪ್ಪು ಪಟ್ಟೆ. ಯಾವ ಮೀನೂ ಹುಟ್ಟಿನಿಂದ ಹಾಗಿರುವುದಿಲ್ಲ. ನೋಡಿದರೆ ಹೆದರಿಕೆ ಬರುತ್ತದೆ. ಆದರೂ ಹಿಡಿಯುತ್ತದೆ.

ಮಳೆಯಾಗಿ ಹೊಳೆ ಬಗ್ಗಡವಾದರೆ ಬಣ್ಣದ ಮಾತು ಹಿಂದಕ್ಕೆ ಸರಿಯುತ್ತದೆ. ಮಣ್ಣಿನ ಕಣ ಬೆಳಕನ್ನು ಎಲ್ಲ ಕಡೆ ಚದುರಿಸಿಬಿಡುತ್ತದೆ, ಮಂಜಿನಲ್ಲಿ ದೀಪ ಹಾಕಿದ ಹಾಗೆ. ಟ್ರೌಟ್‌ಗೆ ಒಂದು ಮೊಳದಾಚೆ ಏನೂ ಕಾಣದಿರಬಹುದು. ಆಗ ಅದು ಮೈಪಕ್ಕದ ಸಾಲಿನಲ್ಲಿರುವ ಸಂವೇದನೆಯಿಂದ ನೀರಿನ ಅದುರುವಿಕೆಯನ್ನು ಹಿಡಿಯುತ್ತದೆ. ಅಗಲ ಎಲೆಯ, ನೀರನ್ನು ಜೋರಾಗಿ ಬಡಿಯುವ ಸ್ಪಿನ್ನರ್ ಹಾಕಿ, ನಿಧಾನ ಎಳೆಯಿರಿ. ಬಣ್ಣ ಎರಡರಲ್ಲಿ ಒಂದು: ಕಡುಗಪ್ಪು, ಇಲ್ಲವೇ ಫ್ಲೋರೊಸೆಂಟ್ ಕಿತ್ತಳೆ ಅಥವಾ ನಿಂಬೆಹಸಿರು. ನಡುವಿನ ನಯವಾದ ಬಣ್ಣಗಳಿಗೆ ಇಲ್ಲಿ ಕೆಲಸವಿಲ್ಲ. ಹಿಮನದಿ ಕರಗಿ ಬರುವ ಹಾಲು-ನೀಲಿ ನೀರಿಗೂ ಹೆಚ್ಚುಕಡಿಮೆ ಇದೇ ಮಾತು.

ನೀರು ಎಷ್ಟು ತಿಳಿ ಎಂದು ಅಳೆಯುವುದೂ ಸುಲಭ. 1865ರಲ್ಲಿ ಇಟಲಿಯ ಖಗೋಳ ವಿಜ್ಞಾನಿ ಪಾದ್ರಿ ಆಂಜೆಲೊ ಸೆಕ್ಕಿ ಬಿಳಿ ತಟ್ಟೆಯೊಂದನ್ನು ಸಮುದ್ರಕ್ಕೆ ಇಳಿಸಿ, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಗುರುತು ಮಾಡಿಕೊಂಡ. ಇವತ್ತಿಗೂ ಕೆರೆ-ಸರೋವರಗಳ ಅಧ್ಯಯನದಲ್ಲಿ ಸೆಕ್ಕಿ ತಟ್ಟೆ ಬಳಸುತ್ತಾರೆ. ನಿಮಗೆ ತಟ್ಟೆ ಬೇಡ, ಬಿಳಿ ಲೂರ್ ಸಾಕು. ಅದು ಎಷ್ಟು ಆಳದಲ್ಲಿ ಮಾಯವಾಯಿತು ನೋಡಿ. ಎರಡು ಮೀಟರ್ ದಾಟಿದರೂ ಕಾಣುತ್ತಿದ್ದರೆ ಸಹಜ ಬಣ್ಣ. ಮೊಣಕೈ ಮುಳುಗುವಷ್ಟರಲ್ಲೇ ಮಾಯವಾದರೆ ಮೇಲೆ ಹೇಳಿದ ಕಪ್ಪು-ಕಿತ್ತಳೆ. ಇದು ವಿಜ್ಞಾನದ ಗಡಿರೇಖೆಯಲ್ಲ, ನಾನು ಇಟ್ಟುಕೊಂಡ ಅಂದಾಜು.

ಫ್ಲೋರೊಸೆಂಟ್ ಬಣ್ಣದ ಗುಟ್ಟು

ಸಾಧಾರಣ ಕಿತ್ತಳೆ ಬಣ್ಣ ತನಗೆ ಕಿತ್ತಳೆ ಬೆಳಕು ಸಿಕ್ಕರೆ ಮಾತ್ರ ಕಿತ್ತಳೆ. ಫ್ಲೋರೊಸೆಂಟ್ ಕಿತ್ತಳೆ ಹಾಗಲ್ಲ. ಅದು ನೀಲಿ, ಹಸಿರು ಬೆಳಕನ್ನು ನುಂಗಿ ಕಿತ್ತಳೆಯಾಗಿ ಉಗುಳುತ್ತದೆ. ಕಿತ್ತಳೆ ಬೆಳಕು ತಲುಪದ ಆಳದಲ್ಲೂ ತನ್ನ ಕಿತ್ತಳೆಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಸುತ್ತ ಎಲ್ಲ ನೀಲಿ-ಹಸಿರು ಇರುವಾಗ ಅದೊಂದೇ ಕಿಡಿಯಂತೆ ಉಳಿಯುತ್ತದೆ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಬೆಳಕಿನಲ್ಲಿ ನೀಲಿಯ ಪಾಲು ಜಾಸ್ತಿ, ಹಾಗಾಗಿ ಆ ಹೊತ್ತಿಗೆ ಇದರ ಕಳೆ ಇನ್ನೂ ಏರುತ್ತದೆ.

ಆದರೆ ನುಂಗಲು ಏನಾದರೂ ಬೆಳಕು ಬೇಕೇ ಬೇಕು. ಚಹಾ ಬಣ್ಣದ ನೀರಿನಲ್ಲಿ ನೀಲಿ, ಅತಿನೇರಳೆ ಮೊದಲೇ ಖಾಲಿಯಾಗಿರುತ್ತವೆ. ಅವುಗಳನ್ನೇ ನಂಬಿದ ನಿಂಬೆಹಸಿರು ಅಲ್ಲಿ ಸಪ್ಪೆ. ಹಸಿರು ಬೆಳಕನ್ನೂ ನುಂಗಬಲ್ಲ ಕಿತ್ತಳೆ-ಕೆಂಪು ಫ್ಲೋರೊಸೆಂಟ್ ಅಲ್ಲಿ ಮೇಲು. ಪೂರ್ತಿ ಕತ್ತಲಲ್ಲಂತೂ ಯಾವ ಫ್ಲೋರೊಸೆಂಟೂ ಕೆಲಸ ಮಾಡುವುದಿಲ್ಲ. ಕತ್ತಲಲ್ಲಿ ಹೊಳೆಯುವುದು ಬೇರೆ ಬಗೆ, ಗ್ಲೋ ಬಣ್ಣ. ಅದಕ್ಕೆ ಮೊದಲು ಟಾರ್ಚ್ ಹಿಡಿದು ಬೆಳಕು ತುಂಬಿಸಬೇಕು, ಆಮೇಲೆ ಸ್ವಲ್ಪ ಹೊತ್ತು ತಾನೇ ಮಿನುಗುತ್ತದೆ. ಬಹಳ ಆಳಕ್ಕೆ ಇಳಿಸಿ ಹಿಡಿಯುವವರಿಗೆ ಅದು ಬೇಕು. ಮೊಣಕಾಲು ನೀರಿನ ಹೊಳೆಗೆ ಬೇಡ.

ಇವೆರಡನ್ನು ಗೊಂದಲ ಮಾಡಿಕೊಂಡು ರಾತ್ರಿಯಿಡೀ ಫ್ಲೋರೊಸೆಂಟ್ ಗುಲಾಬಿ ಎಸೆದವರಲ್ಲಿ ನಾನೂ ಒಬ್ಬ.

ಟ್ರೌಟ್ ಏನು ತಿನ್ನುತ್ತಿದೆ?

ಬೆಳಕಿನ ಲೆಕ್ಕ ಮುಗಿದ ಮೇಲೆ ಹೊಟ್ಟೆಯ ಲೆಕ್ಕ. ಕಲ್ಲುಹೊಳೆಯ ತಳದಲ್ಲಿ ಸ್ಕಲ್ಪಿನ್ ಎಂಬ ಕಂದು ಮಚ್ಚೆಯ ಪುಟ್ಟ ಮೀನು ಇರುತ್ತದೆ. ದೊಡ್ಡ ಟ್ರೌಟ್‌ಗೆ ಅದೆಂದರೆ ಪ್ರಾಣ. ಅಲ್ಲಿ ಕಂದು-ಪಾಚಿಹಸಿರು ಲೂರ್ ತಳ ಸವರುತ್ತ ಬರಬೇಕು. ಸರೋವರದ ನಡುನೀರಿನಲ್ಲಿ ಗುಂಪು ಗುಂಪಾಗಿ ಓಡಾಡುವ ಮರಿಮೀನುಗಳಿಗೆ ಬೆನ್ನು ಕಪ್ಪು, ಮಗ್ಗುಲು ಬೆಳ್ಳಿ, ಹೊಟ್ಟೆ ಬಿಳಿ. ಅಲ್ಲಿ ಬೆಳ್ಳಿಯ ಮೇಲೆ ನೀಲಿಯೋ ಕಪ್ಪೋ ಬೆನ್ನಿನ ಸ್ಪೂನ್. ಸಾಲ್ಮನ್ ಮೊಟ್ಟೆಯಿಡುವ ನದಿಗಳಲ್ಲಿ ಟ್ರೌಟ್‌ಗಳು ಹಿಂದೆಯೇ ನಿಂತು ಕೊಚ್ಚಿ ಬರುವ ಮೊಟ್ಟೆ ಹೆಕ್ಕುತ್ತವೆ. ಆ ದಿನಗಳಲ್ಲಿ ಕಿತ್ತಳೆ-ಗುಲಾಬಿ ಬಣ್ಣ ಬೆರಗು ಹುಟ್ಟಿಸುವಷ್ಟು ನಡೆಯುತ್ತದೆ. ಅದು ಮೀನನ್ನು ಕೆರಳಿಸುವ ಬಣ್ಣವೆಂದಲ್ಲ, ಅವತ್ತು ಊಟದ ಬಣ್ಣ ಅದು.

ಹರಿವು ಎಷ್ಟು ಜೋರು ಎನ್ನುವುದೂ ಮುಖ್ಯ. ಬಿರುಸು ನೀರಿನಲ್ಲಿ ಟ್ರೌಟ್‌ಗೆ ಯೋಚಿಸಲು ಕ್ಷಣವೂ ಇಲ್ಲ. ಹಿಡಿದರೆ ಹಿಡಿಯಿತು, ಬಿಟ್ಟರೆ ಹೋಯಿತು. ಅಲ್ಲಿ ಗಾಢ ಬಣ್ಣ, ಜೋರು ಹೊಳಪು ನಡೆಯುತ್ತದೆ. ನಿಂತ ಮಡುವಿನಲ್ಲಿ ಅದೇ ಮೀನು ಲೂರ್ ಹಿಂದೆಯೇ ಬಂದು, ಮೂತಿ ಹತ್ತಿರ ತಂದು, ತನಿಖೆ ಮಾಡಿ ವಾಪಸ್ ಹೋಗುತ್ತದೆ. ಅಲ್ಲಿ ಮಂದ ಬಣ್ಣ, ಸಣ್ಣ ಗಾತ್ರ.

ಬಣ್ಣ ಬದಲಿಸುವುದನ್ನು ಒಂದು ಕಲೆಯಾಗಿಯೇ ಬೆಳೆಸಿದವರು ಜಪಾನಿನವರು. ಅಲ್ಲಿ ಸಾಕಿದ ಟ್ರೌಟ್ ತಂದು ಬಿಡುವ, ಶುಲ್ಕ ಕೊಟ್ಟು ಮೀನು ಹಿಡಿಯುವ ಕೊಳಗಳಿವೆ. ಒಂದೆರಡು ಗ್ರಾಂ ತೂಕದ ಸ್ಪೂನ್‌ಗಳನ್ನು ಹತ್ತಾರು ಬಣ್ಣದಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಹೊಸ ಮೀನು ಬಿಟ್ಟ ಕೂಡಲೇ ಚಿನ್ನ, ಕಿತ್ತಳೆಯಂಥ ಜೋರು ಬಣ್ಣ. ಎರಡು ಮೂರು ಮೀನು ಸಿಕ್ಕು ಉಳಿದವು ಹುಷಾರಾದ ಮೇಲೆ ಒಂದು ಮೆಟ್ಟಿಲು ಇಳಿದು ಮಂದ ಬಣ್ಣ. ಕೊನೆಗೆ ಕಂದು, ಪಾಚಿಹಸಿರು. ಸಾಕಿದ ಮೀನಿಗೆ ದಿನಾ ಹಾಕುವ ಗುಳಿಗೆ ತಿಂಡಿಯೂ ಕಂದೇ ಅನ್ನುವುದು ನೆನಪಿರಲಿ. ಇವರಿಂದ ನಾನು ಕಲಿತದ್ದು: ಬಣ್ಣ ಕೆಲಸ ಮಾಡುವುದನ್ನು ನಿಲ್ಲಿಸಿದಾಗ ಅದರ ಪಕ್ಕದ ಬಣ್ಣಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಕಿತ್ತಳೆಯಿಂದ ಕೆಂಪಿಗೆ ಹೋದರೆ ಮೀನಿಗೆ ಬದಲಾವಣೆಯೇ ಗೊತ್ತಾಗದಿರಬಹುದು. ಹೊಳಪಿನಿಂದ ಮಂದಕ್ಕೆ, ತಿಳಿಯಿಂದ ಗಾಢಕ್ಕೆ ಹೋಗಬೇಕು.

ಅಂದಹಾಗೆ, ಮೀನು ಹಿಂಬಾಲಿಸಿ ಬಂದು ವಾಪಸ್ ಹೋದರೆ ಮೊದಲು ಬಣ್ಣ ಬದಲಿಸಬೇಡಿ. ಬಣ್ಣ ಅದಕ್ಕೆ ಕಂಡಿದೆ, ಹತ್ತಿರಕ್ಕೂ ಕರೆದಿದೆ. ಇನ್ನೊಮ್ಮೆ ಎಸೆದು ವೇಗ ಬದಲಿಸಿ, ನಡುವೆ ಒಂದು ಕ್ಷಣ ನಿಲ್ಲಿಸಿ ಬೀಳಲು ಬಿಡಿ. ಆಗಲೂ ಬಾಯಿ ಹಾಕದಿದ್ದರೆ ಗಾತ್ರ ಸಣ್ಣದು ಮಾಡಿ. ಆಮೇಲೆ ಬಣ್ಣ. ಫಿನ್ಲೆಂಡಿನ ಮೀನುಗಾರ ಲೌರಿ ರಪಾಲಾ 1936ರಲ್ಲಿ ಕಾರ್ಕ್ ಕೆತ್ತಿ ತನ್ನ ಮೊದಲ ಮಿನ್ನೋ ಮಾಡಿದ. ಮೈಗೆ ಚಾಕೊಲೇಟ್ ಸುತ್ತಿದ್ದ ತಗಡಿನ ಹಾಳೆ ಅಂಟಿಸಿದ. ಮೇಲೆ ಫೋಟೋ ನೆಗೆಟಿವ್ ಕರಗಿಸಿ ಬಳಿದ. ಅವನು ದೋಣಿಯಲ್ಲಿ ಕೂತು ಗಮನಿಸಿದ್ದು ಬಣ್ಣವನ್ನಲ್ಲ. ದೊಡ್ಡ ಮೀನು ಗುಂಪಿನಲ್ಲಿ ತಪ್ಪು ತಪ್ಪಾಗಿ ಓಲಾಡುವ ಮರಿಯನ್ನೇ ಆರಿಸಿ ಹಿಡಿಯುತ್ತದೆ ಅನ್ನುವುದನ್ನು. ಆ ಓಲಾಟ ಬರುವವರೆಗೂ ಕೆತ್ತಿದ.

ನಮ್ಮ ಕಣ್ಣಿಗೆ ನಾವೇ ಹಾಕುವ ಗಾಳ

ಲೂರ್‌ಗಳನ್ನು ಮೀನಿಗಾಗಿ ಬಳಿಯುತ್ತಾರೋ ಕೊಳ್ಳುವವರಿಗಾಗಿ ಬಳಿಯುತ್ತಾರೋ ಎಂಬ ಹಳೇ ನಗೆಮಾತು ಇದೆ. ಅದರಲ್ಲಿ ಅರ್ಧ ಸತ್ಯ. ರೆಕ್ಕೆಯ ಗೆರೆ, ಕಣ್ಣಿನ ಸುತ್ತ ಬಂಗಾರದ ಉಂಗುರ, ಒಂದೊಂದು ಹುರುಪೆಗೂ ನೆರಳು: ಇಷ್ಟು ಸೂಕ್ಷ್ಮ ದೂರದಿಂದ ಟ್ರೌಟ್‌ಗೆ ಕಾಣುವುದಿಲ್ಲ. ಅದರ ನೋಟ ನಮ್ಮಷ್ಟು ಚುರುಕಲ್ಲ. ಅದು ಅಲುಗಾಟ ಹಿಡಿಯುವುದರಲ್ಲಿ ಗಟ್ಟಿಗ, ಅಕ್ಷರ ಓದುವುದರಲ್ಲಲ್ಲ.

ಇನ್ನೊಂದು ಮೋಸ ನಮ್ಮ ನೆನಪಿನದು. ನನಗೆ ವರ್ಷಗಟ್ಟಲೆ ಚಿನ್ನದ ಬಣ್ಣದ ಮೇಲೆ ಕುರುಡು ನಂಬಿಕೆ ಇತ್ತು. “ನನ್ನ ಮೀನೆಲ್ಲ ಚಿನ್ನಕ್ಕೇ ಬಿದ್ದಿವೆ” ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಒಮ್ಮೆ ಪುಟ್ಟ ಪುಸ್ತಕ ಇಟ್ಟುಕೊಂಡು ಹಿಡಿದ ಮೀನಿನ ಜೊತೆ ಎಸೆದ ಹೊತ್ತನ್ನೂ ಬರೆಯತೊಡಗಿದೆ. ಒಂದು ಋತು ಮುಗಿದ ಮೇಲೆ ಬಣ್ಣ ಬಯಲಾಯಿತು. ಮೀನು ಚಿನ್ನಕ್ಕೇ ಜಾಸ್ತಿ ಬಿದ್ದಿದ್ದವು, ನಿಜ. ಆದರೆ ನೀರಿನಲ್ಲಿ ಜಾಸ್ತಿ ಹೊತ್ತು ಇದ್ದದ್ದೂ ಚಿನ್ನವೇ. ಗಂಟೆಯ ಲೆಕ್ಕ ಹಾಕಿದರೆ ಅಪರೂಪಕ್ಕೆ ಕಟ್ಟುತ್ತಿದ್ದ ಕಪ್ಪು ಅದಕ್ಕಿಂತ ಮುಂದಿತ್ತು. ಬೇರೆಯವರು “ಈ ಬಣ್ಣ ಬಿಟ್ಟು ಬೇರೆ ಹಾಕಲೇಬೇಡಿ” ಎಂದಾಗ ಈಗ ನಾನು ಕೇಳುವುದು ಒಂದೇ: ಬೇರೆಯದನ್ನು ಎಷ್ಟು ಹೊತ್ತು ಎಸೆದಿದ್ದೀರಿ?

ಆದರೂ ನಂಬಿಕೆಗೆ ಒಂದು ಬೆಲೆ ಇದೆ. ನಂಬಿದ ಲೂರನ್ನು ನಾವು ಗಮನವಿಟ್ಟು ಎಳೆಯುತ್ತೇವೆ, ಸರಿಯಾದ ಆಳಕ್ಕೆ ಇಳಿಸುತ್ತೇವೆ, ಬೇಗ ಬಿಟ್ಟುಕೊಡುವುದಿಲ್ಲ. ಮೀನು ಬೀಳುವುದು ಆ ಗಮನಕ್ಕೆ. ಹೆಸರು ಬಣ್ಣಕ್ಕೆ.

ನನ್ನ ಡಬ್ಬಿಯಲ್ಲಿ ಈಗ ಐದೇ ಬಣ್ಣ. ಬೆಳ್ಳಿ, ತಾಮ್ರ, ಕಪ್ಪು, ಕಂದು ಕಲೆಯ ಪಾಚಿಹಸಿರು, ಫ್ಲೋರೊಸೆಂಟ್ ಕಿತ್ತಳೆ. ಒಂದೊಂದೂ ಎರಡು ತೂಕದಲ್ಲಿ. ಇಪ್ಪತ್ತು ಬಣ್ಣ ಒಂದೇ ತೂಕದಲ್ಲಿ ಇಟ್ಟುಕೊಳ್ಳುವುದಕ್ಕಿಂತ ಇದು ಹೆಚ್ಚು ಆಳಗಳನ್ನು ಮುಟ್ಟುತ್ತದೆ. ಜೊತೆಗೆ ಜೇಬಿನಲ್ಲಿ ಒಂದು ಕಪ್ಪು ಪರ್ಮನೆಂಟ್ ಮಾರ್ಕರ್. ಬೆಳ್ಳಿ ಸ್ಪೂನ್ ತೀರಾ ಕಣ್ಣು ಕುಕ್ಕಿದರೆ ಬೆನ್ನಿಗೆ ಒಂದು ಗೆರೆ ಎಳೆಯುತ್ತೇನೆ, ಕಿತ್ತಳೆ ಹಸಿರು ನೀರಿನಲ್ಲಿ ಎದ್ದು ಕಾಣದಿದ್ದರೆ ಅಡ್ಡ ಪಟ್ಟೆ ಹಾಕುತ್ತೇನೆ. ಬರೆಯುವ ಮೊದಲು ಸ್ಪೂನನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬರೆದ ಮೇಲೆ ಒಂದೆರಡು ನಿಮಿಷ ಒಣಗಲು ಬಿಡಿ. ಇಲ್ಲಾಂದ್ರೆ ಮೂರನೇ ಎಸೆತಕ್ಕೇ ಶಾಯಿ ಅಳಿಸಿಹೋಗುತ್ತದೆ.